ಹಿತ್ತಾಳೆಯ ಗುಂಡಿ: ಬ್ರಿಸ್ಟಲ್ ಟ್ರಾಂ ಕಂಪೆನಿಯ ಚರಿತ್ರೆಯಿಂದ

ಚರಿತ್ರೆಯನ್ನು ಬರೆಯುವವರು ಶಿಲಾಶಾಸನಗಳನ್ನು ಓದುವರು, ತಾಮ್ರಪಟಗಳನ್ನು ಹುಡುಕುವರು, ನಾಣ್ಯಗಳನ್ನು ಮುಂದುಮಾಡಿ ಹಿಂದುಮಾಡಿ ನೋಡುವರು. ನಾಣ್ಯದ ಮೇಲಣ ಆನೆಯನ್ನೋ ವರಾಹವನ್ನೋ ಕಂಡು ಅದು ಯಾರ ಆಳ್ವಿಕೆಯಲ್ಲಿ ನಡೆಯಿತೆಂಬುದನ್ನು ನಿರ್ಣಯಿಸುವರು. ನಾಣ್ಯವನ್ನು ಹೊಡೆಯುವಂತೆಯೇ ಅಚ್ಚಿನಲ್ಲಿ ಹೊಡೆದು, ನಾಣ್ಯದಂತೆಯೇ ಒಡೆಯನ ಗುರುತನ್ನು ಮುಖದ ಮೇಲೂ ಮಾಡಿದವನ ಹೆಸರನ್ನು ಬೆನ್ನಿನ ಮೇಲೂ ಧರಿಸುವ ಮತ್ತೊಂದು ಲೋಹದ ಬಿಲ್ಲೆ ಉಂಟು. ಅದರ ಕಡೆಗೆ ವಿದ್ವಾಂಸರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಅದು ಸಮವಸ್ತ್ರದ ಗುಂಡಿ. ನಾಣ್ಯವು ರಾಜ್ಯ ಯಾರದೆಂದು ಹೇಳಿದರೆ, ಗುಂಡಿಯು ಆಳು ಯಾರವನೆಂದು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸೈನ್ಯ, ಪೊಲೀಸು, ರೈಲ್ವೆ, ಅಂಚೆ ಮೊದಲಾದ ಎಲ್ಲ ಇಲಾಖೆಗಳವರೂ ತಮ್ಮ ತಮ್ಮ ಮುದ್ರೆಯ ಗುಂಡಿಗಳನ್ನು ತೊಟ್ಟರು. ಅವರೊಡನೆ ಬೀದಿಯ ಟ್ರಾಂಗಾಡಿಯ ಕಂಡಕ್ಟರನೂ ಡ್ರೈವರನೂ ತೊಟ್ಟರು. ಬ್ರಿಸ್ಟಲ್ ಪಟ್ಟಣದ ಟ್ರಾಂ ಕಂಪೆನಿಯ ಚರಿತ್ರೆಯನ್ನು ನೋಡಿದರೆ, ಆ ಅಂಗಿಯನ್ನೂ ಅದರ ಗುಂಡಿಯನ್ನೂ ಯಾರು ತೊಡಬಹುದು, ಯಾರು ತೊಡಬಾರದು ಎಂಬ ಪ್ರಶ್ನೆಗೆ ಎರಡು ಸಾರಿ ಊರೇ ಕಲಕಿಹೋದುದು ಕಾಣುವುದು.

ಕನ್ನಡನಾಡಿನ ಊರುಗಳಲ್ಲಿ ಟ್ರಾಂ ಓಡಲಿಲ್ಲ. ಮುಂಬಯಿಗೋ ಮದರಾಸಿಗೋ ಹೋಗಿಬಂದವರು ಅದನ್ನು ನೋಡಿಬಂದು ಮನೆಯವರಿಗೆ ವರ್ಣಿಸುತ್ತಿದ್ದರು. ಮದರಾಸಿನ ಟ್ರಾಂ ೧೯೫೩ರಲ್ಲಿಯೂ ಮುಂಬಯಿಯದು ೧೯೬೪ರಲ್ಲಿಯೂ ನಿಂತುಹೋದುದರಿಂದ, ಈಗಿನ ತಲೆಮಾರಿನವರಿಗೆ ಅದರ ಸ್ವರೂಪವನ್ನು ಒಂದು ಮಾತಿನಲ್ಲಿ ಹೇಳುವುದು ಯುಕ್ತ: ರಸ್ತೆಯ ಮಟ್ಟಕ್ಕೆ ಸಮನಾಗಿ ಹೂಳಿದ ಕಬ್ಬಿಣದ ಹಳಿಗಳ ಮೇಲೆ, ಮೊದಲು ಕುದುರೆಗಳಿಂದಲೂ ಅನಂತರ ವಿದ್ಯುಚ್ಛಕ್ತಿಯಿಂದಲೂ ನಡೆದ ಊರೊಳಗಿನ ಬಂಡಿ ಅದು. ಇಂಗ್ಲೆಂಡಿನಲ್ಲಿ ಇದನ್ನು ಮೊದಲು ತಂದವನು ಜಾರ್ಜ್ ಫ್ರಾನ್ಸಿಸ್ ಟ್ರೇನ್ ಎಂಬ ಅಮೆರಿಕದವನು. ಅವನು ೧೮೬೦ರ ಆಗಸ್ಟಿನಲ್ಲಿ ಬರ್ಕನ್‌ಹೆಡ್ ಪಟ್ಟಣದಲ್ಲಿ ಬೀದಿ ಹಳಿಯನ್ನು ತೆರೆದಾಗ ಅವನ ಕೈಕೆಳಗೆ ಚಾಕರಿಗೆ ಸೇರಿದ ಒಬ್ಬ ಹುಡುಗನ ಹೆಸರು ಜೇಮ್ಸ್ ಕ್ಲಿಫ್ಟನ್ ರಾಬಿನ್ಸನ್. ಈ ಹುಡುಗನು ಮುಂದೆ ಬ್ರಿಸ್ಟಲಿನ ಕಥೆಯಲ್ಲಿ ಮತ್ತೆ ಬರುವನು.

ಬ್ರಿಟಿಷ್ ಟ್ರಾಂಗಳ ಹಣೆಬರಹವನ್ನೆಲ್ಲ ಬರೆದುದು ೧೮೭೦ರ ಟ್ರಾಂವೇ ಶಾಸನ. ಖಾಸಗಿ ಕಂಪೆನಿಗಳು ಬೀದಿಯಲ್ಲಿ ಹಳಿ ಹಾಕಬಹುದೆಂದು ಅದು ಅನುಮತಿಯನ್ನು ಕೊಟ್ಟಿತು. ಆದರೆ ಜೊತೆಯಲ್ಲಿಯೇ ಎರಡು ಹೊರೆಗಳನ್ನು ಹೊರಿಸಿತು. ಹಳಿಗಳ ನಡುವಣ ರಸ್ತೆಯನ್ನೂ ಹಳಿಯ ಆಚೀಚೆ ಹದಿನೆಂಟು ಅಂಗುಲದ ರಸ್ತೆಯನ್ನೂ ಕಂಪೆನಿಯೇ ದುರಸ್ತಿಯಲ್ಲಿಡಬೇಕು ಎಂಬುದು ಒಂದು. ಇಪ್ಪತ್ತೊಂದು ವರ್ಷಗಳಾದ ಮೇಲೆ ಊರಿನ ಪೌರಸಭೆಯು ಇಚ್ಛೆಪಟ್ಟರೆ, ಹಳಿ ಮತ್ತು ಗಾಡಿಗಳ ಆಗಿನ ಬೆಲೆಯನ್ನು ಮಾತ್ರ ಕೊಟ್ಟು, ವ್ಯಾಪಾರದ ಹೆಸರಿಗಾಗಲಿ ಮುಂದಿನ ಲಾಭಕ್ಕಾಗಲಿ ಏನನ್ನೂ ಕೊಡದೆ ಎಲ್ಲವನ್ನೂ ಕೊಂಡುಕೊಳ್ಳಬಹುದು ಎಂಬುದು ಮತ್ತೊಂದು. ಎರಡನೆಯದು ಮೇಲೆ ನೋಡುವುದಕ್ಕೆ ನ್ಯಾಯವಾಗಿಯೇ ಇದ್ದಿತು. ಆದರೆ ನಾಳೆ ಬಿಟ್ಟುಕೊಡಬೇಕಾದ ಮನೆಗೆ ಇಂದು ಸುಣ್ಣ ಹೊಡೆಸುವವರಾರು? ಇದರ ಫಲವು ಬ್ರಿಸ್ಟಲಿನ ಬೀದಿಗಳಲ್ಲಿ ಬಹುಕಾಲ ಕಣ್ಣಿಗೆ ಕಾಣುವಂತೆ ಓಡಾಡುತ್ತಿದ್ದಿತು.

ಬ್ರಿಸ್ಟಲ್ ಇಂಗ್ಲೆಂಡಿನ ಪಶ್ಚಿಮದ ಹಳೆಯ ರೇವುಪಟ್ಟಣ. ಏರಿಳಿತಗಳು ಬಹಳವಾಗಿರುವ ಊರು. ಅಲ್ಲಿಯ ಪೌರಸಭೆಯು ಮೊದಲು ತಾನೇ ಹಳಿಯನ್ನು ಹಾಕಿಸಿತು; ಗಾಡಿಯನ್ನು ನಡೆಸುವುದಕ್ಕೆ ಮಾತ್ರ ೧೮೭೪ರಲ್ಲಿ ಹುಟ್ಟಿದ ಬ್ರಿಸ್ಟಲ್ ಟ್ರಾಂವೇಸ್ ಕಂಪೆನಿಗೆ ಅದನ್ನು ಗುತ್ತಿಗೆಗೆ ಒಪ್ಪಿಸಿತು. ೧೮೭೫ನೆಯ ಆಗಸ್ಟ್ ೯ನೆಯ ತಾರೀಖು ಮೊದಲ ಕುದುರೆ ಟ್ರಾಂ ಹೊರಟಿತು. ಕಂಪೆನಿಯ ಕಾರ್ಯದರ್ಶಿಯಾಗಿ ನೇಮಕವಾದವನು ಜಾರ್ಜ್ ವೈಟ್ ಎಂಬ ಇಪ್ಪತ್ತು ವರ್ಷದ ತರುಣ. ಮನೆಗಳಿಗೆ ಬಣ್ಣ ಬಳಿಯುವ ಕಸುಬಿನವನ ಮಗ. ಚಿಕ್ಕಂದಿನಲ್ಲಿಯೇ ವಕೀಲರ ಕಚೇರಿಯೊಂದಕ್ಕೆ ಗುಮಾಸ್ತೆಯಾಗಿ ಸೇರಿದವನು. ಮೊದಲ ವ್ಯವಸ್ಥಾಪಕನಾಗಿ ಬಂದವನು ಆ ಬರ್ಕನ್‌ಹೆಡ್ಡಿನ ಹುಡುಗ ರಾಬಿನ್ಸನ್. ಅವನಿಗೂ ಆಗ ಮೂವತ್ತು ತುಂಬಿರಲಿಲ್ಲ. ಹಿರಿಯರ ಬಂಡವಾಳವನ್ನು ಕಿರಿಯರಿಬ್ಬರು ನಡೆಸಿದರೆಂದು ಹೇಳಿದರೆ ತಪ್ಪಾಗಲಾರದು. ವೈಟನು ೧೯೦೪ರಲ್ಲಿ ಬ್ಯಾರೊನೆಟ್ ಪದವಿಯನ್ನು ಪಡೆದು ಸರ್ ಜಾರ್ಜ್ ಆದನು. ೧೯೧೦ರಲ್ಲಿ ವಿಮಾನಗಳನ್ನು ಕಟ್ಟುವ ಕಂಪೆನಿಯೊಂದನ್ನು ಸ್ಥಾಪಿಸಿ, ಫಿಲ್ಟನ್ನಿನಲ್ಲಿದ್ದ ಟ್ರಾಂ ಕಂಪೆನಿಯ ಕೊಟ್ಟಿಗೆಗಳಲ್ಲಿಯೇ ಕೆಲಸವನ್ನು ಆರಂಭಿಸಿದನು. ಅಲ್ಲಿ ತಯಾರಾದ ಬಾಕ್ಸ್‌ಕೈಟ್ ಎಂಬ ವಿಮಾನವು ೧೯೧೧ರ ಜನವರಿಯಲ್ಲಿ ಕಲಕತ್ತೆಯ ಆಕಾಶದಲ್ಲಿ ಹಾರಿ ಜನರನ್ನು ಬೆರಗುಗೊಳಿಸಿತು.

ಭಾರತೀಯರಿಗೆ ಬ್ರಿಸ್ಟಲಿನ ಹೆಸರು ಮತ್ತೊಂದು ಕಾರಣದಿಂದಲೂ ಪರಿಚಿತ. ರಾಜಾ ರಾಮಮೋಹನ ರಾಯರು ೧೮೩೩ರಲ್ಲಿ ದೇಹವಿಟ್ಟದ್ದು ಆ ಊರಿನಲ್ಲಿ. ಅವರ ಸಮಾಧಿಯಿರುವುದು ಆರ್ನೋಸ್ ವೇಲ್ ರುದ್ರಭೂಮಿಯಲ್ಲಿ. ಟ್ರಾಂ ಬೆಳೆಯುತ್ತ ಬಂದ ಮೇಲೆ ಅದರ ಒಂದು ದಾರಿ ಬಾತ್ ರಸ್ತೆಯಲ್ಲಿ ಆ ರುದ್ರಭೂಮಿಯ ಕಡೆಗೇ ಹೋಗುತ್ತಿದ್ದಿತು.

ಕುದುರೆ ಟ್ರಾಂಗಳ ಕಾಲದ ಹಳೆಯ ಚಿತ್ರಗಳನ್ನು ನೋಡಿದರೆ ಒಂದು ವಿಷಯ ಗಮನಕ್ಕೆ ಬರುವುದು. ಬ್ರಿಟನ್ನಿನ ಬಹುಪಾಲು ಊರುಗಳಲ್ಲಿ ಆಗಿನ ಟ್ರಾಂ ನೌಕರರಿಗೆ ಸಮವಸ್ತ್ರವೆಂಬುದಿರಲಿಲ್ಲ. ಡ್ರೈವರನು ಊರಿನ ಯಾವುದೇ ಸಾರಥಿಯಂತೆ ದಪ್ಪನೆಯ ಕೋಟನ್ನು ಹಾಕಿಕೊಂಡು, ಬೌಲರ್ ಟೋಪಿಯನ್ನು ಇಟ್ಟುಕೊಂಡು ಕಡಿವಾಣವನ್ನು ಹಿಡಿದಿರುವನು. ಕಂಡಕ್ಟರನ ಕುತ್ತಿಗೆಯಲ್ಲಿ ಚೀಲವಿಲ್ಲದಿದ್ದರೆ ಅವನು ಪ್ರಯಾಣಿಕನೋ ನೌಕರನೋ ತಿಳಿಯುವಂತಿಲ್ಲ. ಅವರ ಎದೆಯ ಮೇಲೆ ಇದ್ದರೆ ಇರುತ್ತಿದ್ದುದು ಪೌರಸಭೆಯಿಂದ ಪಡೆದ ಪರವಾನಗಿಯ ನಂಬರು ಬಿಲ್ಲೆ. ಅಂದರೆ ಊರು ಅವನನ್ನು ನಂಬರಿನಿಂದ ಗುರುತಿಸಿತ್ತೇ ಹೊರತು ಕಂಪೆನಿ ಇನ್ನೂ ತನ್ನವನೆಂದು ಮುದ್ರೆ ಹಾಕಿರಲಿಲ್ಲ.

ಬ್ರಿಸ್ಟಲ್ ಕಂಪೆನಿಯು ೧೮೮೭ರಲ್ಲಿ ಊರಿನ ಬಾಡಿಗೆ ಗಾಡಿಗಳ ಕಂಪೆನಿಯೊಡನೆ ಕೂಡಿಕೊಂಡು 'ಬ್ರಿಸ್ಟಲ್ ಟ್ರಾಂವೇಸ್ ಅಂಡ್ ಕ್ಯಾರೇಜ್ ಕಂಪೆನಿ' ಎಂಬ ಉದ್ದವಾದ ಹೆಸರನ್ನು ತಳೆಯಿತು. ಏರುದಾರಿಗಳಲ್ಲಿ ಕುದುರೆಗಳು ಪಡುತ್ತಿದ್ದ ಪಾಡನ್ನು ನೋಡಿ ಉಗಿಯಂತ್ರವನ್ನು ೧೮೮೦ರ ಸುಮಾರಿಗೆ ಪರೀಕ್ಷಿಸಿ, ಸರಿಬೀಳದೆ ಬಿಟ್ಟರು. ಕೊನೆಗೆ ೧೮೯೫ನೆಯ ಅಕ್ಟೋಬರ್ ೧೪ರಂದು ಓಲ್ಡ್ ಮಾರ್ಕೆಟ್ಟಿನಿಂದ ಕಿಂಗ್ಸ್‌ವುಡ್ಡಿನವರೆಗೆ ವಿದ್ಯುತ್ ಟ್ರಾಂ ಓಡಿತು. ಗಣಿಯ ಕೂಲಿಗಳೂ ಜೋಡಿನ ಕಾರ್ಖಾನೆಗಳವರೂ ವಾಸವಾಗಿದ್ದ ಆ ಹೊರವಲಯದ ಊರಿಗೆ ಅದು ದೊಡ್ಡ ಹಬ್ಬದ ದಿವಸವಾಯಿತು. ಇದರ ಶಿಲ್ಪಿಯೂ ರಾಬಿನ್ಸನನೇ. ಇದೇ ಅನುಭವವನ್ನು ಹೊತ್ತು ಅವನು ಲಂಡನ್ನಿನ ಪಶ್ಚಿಮಭಾಗದಲ್ಲಿ ೧೯೦೧ರಲ್ಲಿ ವಿದ್ಯುತ್ ಟ್ರಾಂಗಳನ್ನು ನಡೆಸಿದನು. ೧೯೦೦ರ ಹೊತ್ತಿಗೆ ಬ್ರಿಸ್ಟಲಿನಲ್ಲಿ ಕುದುರೆಗಳು ಲಾಯವನ್ನು ಬಿಟ್ಟುಹೋದವು.

ವಿದ್ಯುತ್ತಿನೊಡನೆ ಸಮವಸ್ತ್ರವೂ ಎಲ್ಲೆಡೆ ಬಂದಿತು. ಇದಕ್ಕೆ ಕಾರಣವಿಲ್ಲದಿಲ್ಲ. ಕುದುರೆಯನ್ನು ಹೊಡೆಯುವುದು ಊರಿಗೆಲ್ಲ ಗೊತ್ತಿದ್ದ ವಿದ್ಯೆ. ತಲೆಯ ಮೇಲೆ ಐನೂರು ವೋಲ್ಟಿನ ತಂತಿಯನ್ನಿಟ್ಟುಕೊಂಡು, ಅರವತ್ತು ಎಪ್ಪತ್ತು ಜನರನ್ನು ತುಂಬಿದ ಭಾರಿ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸುವವನನ್ನು ಜನ ನಂಬಬೇಕಾದರೆ ಅವನು ನೋಡುವುದಕ್ಕೆ ನಂಬಿಕೆಗೆ ತಕ್ಕವನಾಗಿರಬೇಕು. ಆದುದರಿಂದ ಸೈನಿಕರ ಮಾದರಿಯಲ್ಲಿ ಎರಡು ಸಾಲು ಗುಂಡಿಗಳ ಕೋಟು, ಮೊಣಕಾಲು ಮುಟ್ಟುವ ಚಳಿಯಂಗಿ, ಸೈನಿಕರ ಟೋಪಿ, ಕಾಲರಿನ ಮೇಲೆ ನಂಬರು ಅಥವಾ ಕಂಪೆನಿಯ ಹೆಸರಿನ ಅಕ್ಷರಗಳು, ಇವು ಬಂದವು. ಡ್ರೈವರನ ಹೆಸರೇ 'ಮೋಟರ್‌ಮನ್' ಎಂದು ಬದಲಾಯಿತು. ಆಗಿನ ಟ್ರಾಂ ಡ್ರೈವರನು ನಿಲ್ಲುತ್ತಿದ್ದುದು ಮುಂದುಗಡೆ ಗಾಜಿಲ್ಲದ ಬಯಲು ಕಟ್ಟೆಯ ಮೇಲೆ. ಮಳೆಯೂ ಹಿಮವೂ ನೇರವಾಗಿ ಎದೆಗೆ ಹೊಡೆಯುತ್ತಿದ್ದವು. ಎರಡು ಸಾಲು ಗುಂಡಿ ಅವನಿಗೆ ಅಲಂಕಾರ ಮಾತ್ರವಾಗಿರದೆ ಗಾಳಿಯನ್ನು ತಡೆಯುವ ಉಪಾಯವೂ ಆಗಿದ್ದಿತು.

ಈ ಗುಂಡಿಗಳು ಎಲ್ಲಿಂದ ಬಂದವು? ಹೆಚ್ಚಿನವು ಬರ್ಮಿಂಗ್‌ಹ್ಯಾಂ ಪಟ್ಟಣದಿಂದ. ಸಣ್ಣಪುಟ್ಟ ಲೋಹದ ಸಾಮಾನುಗಳಿಗೆ ಆ ಊರು ಹದಿನೆಂಟನೆಯ ಶತಮಾನದಿಂದಲೂ ಹೆಸರಾದುದು. ಗುಂಡಿಯನ್ನು ಮಾಡುವ ಕ್ರಮವು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಹಲವು ಕೈ ಬೇಕು. ಮೊದಲು ಅಚ್ಚು ಕೆತ್ತುವವನು ಗಟ್ಟಿ ಉಕ್ಕಿನ ಮೇಲೆ ಅಕ್ಷರಗಳನ್ನೂ ಲಾಂಛನವನ್ನೂ ತಿರುಗುಮುರುಗಾಗಿ, ತಗ್ಗಾಗಿ ಕೆತ್ತಬೇಕು. ಉಕ್ಕಿಗೆ ಕಾವು ಕೊಟ್ಟು ಹದ ಮಾಡಿ ಒತ್ತುಯಂತ್ರದಲ್ಲಿ ಕೂರಿಸಿದ ಮೇಲೆ, ತೆಳುವಾದ ಹಿತ್ತಾಳೆಯ ತಗಡಿನಿಂದ ಕತ್ತರಿಸಿದ ಬಿಲ್ಲೆಗಳನ್ನು ಒಂದೊಂದಾಗಿ ಅದರ ಮೇಲಿಟ್ಟು ಪೆಟ್ಟು ಕೊಡುವರು. ಒಂದೇ ಪೆಟ್ಟಿಗೆ ಲಾಂಛನವು ಉಬ್ಬಿ ಮೂಡುತ್ತದೆ. ಹೀಗೆ ಸಿದ್ಧವಾದುದು ಗುಂಡಿಯ ಮುಖ, ಒಳಗೆ ಟೊಳ್ಳು. ಬೆನ್ನಿಗೆ ಬೇರೆ ಒಂದು ಬಿಲ್ಲೆ. ಅದರಲ್ಲಿ ತಂತಿಯ ಕುಣಿಕೆ. ಮುಖದ ಅಂಚನ್ನು ಬೆನ್ನಿನ ಮೇಲೆ ಮಡಿಸಿ ಒತ್ತಿಬಿಟ್ಟರೆ ಎರಡೂ ಒಂದಾಗುವುವು. ಯಂತ್ರದ ಮುಂದೆ ಕುಳಿತು ಈ ಕೆಲಸದ ಬಹುಭಾಗವನ್ನು ಮಾಡುತ್ತಿದ್ದವರು ಹೆಂಗಸರು; ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಕಾಲ ಮಕ್ಕಳೂ ಇದ್ದರು. ಗುಂಡಿಯನ್ನು ಮಾಡುವುದಕ್ಕೆ ಹೆಂಗಸರ ಕೈ ಆಗುತ್ತಿದ್ದಿತು. ಅದನ್ನು ತೊಡುವುದಕ್ಕೆ ಅವರ ಮೈ ಆಗಬಹುದೇ ಎಂಬ ಪ್ರಶ್ನೆ ಮುಂದೆ ಬರಲಿದೆ.

ಮೊದಲು ಗುಂಡಿಗಳಿಗೆ ಚಿನ್ನದ ನೀರು ಕೊಡುವುದಕ್ಕೆ ಚಿನ್ನವನ್ನು ಪಾದರಸದೊಡನೆ ಬೆರೆಸಿ ಬಳಿದು ಬೆಂಕಿಯಲ್ಲಿ ಕಾಸುತ್ತಿದ್ದರು. ಪಾದರಸವು ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿದ್ದಿತು. ಹೊಗೆ ಹೋಗುತ್ತಿದ್ದುದು ಕೆಲಸಗಾರರ ಎದೆಗೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ೧೮೪೦ರಲ್ಲಿ ವಿದ್ಯುತ್ತಿನಿಂದ ಲೇಪ ಕೊಡುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದ ಮೇಲೆ ಆ ಹಾನಿ ಕ್ರಮೇಣ ತಪ್ಪಿತು. ಟ್ರಾಂ ನೌಕರರಿಗಾದರೋ ಚಿನ್ನದ ಲೇಪವೇನೂ ಬೇಕಿರಲಿಲ್ಲ. ಬರಿಯ ಹಿತ್ತಾಳೆ, ಇಲ್ಲವೆ ಬೆಳ್ಳಿಯಂತೆ ಕಾಣುವ ನಿಕ್ಕಲ್, ಇವೇ ಸಾಕಾಗಿದ್ದವು. ಕೋಟಿನ ಎದೆಗೆ ದೊಡ್ಡವು, ತೋಳಿಗೂ ಟೋಪಿಗೂ ಚಿಕ್ಕವು, ಹೀಗೆ ಎರಡು ಅಳತೆ.

ಗುಂಡಿಯ ಬೆನ್ನನ್ನು ಓದಲು ಬಲ್ಲವರಿಗೆ ಅದೇ ಒಂದು ಕಾಲನಿರ್ಣಯದ ಸಾಧನ. ತಯಾರಿಸಿದವರ ಹೆಸರನ್ನೂ ಊರನ್ನೂ ಅಲ್ಲಿ ಸಣ್ಣಕ್ಷರಗಳಲ್ಲಿ ಒತ್ತಿರುವರು. ಲಂಡನ್ನಿನ ಫರ್ಮಿನ್ ಸಂಸ್ಥೆ ಹದಿನೇಳನೆಯ ಶತಮಾನದಿಂದ ನಡೆದುಬಂದುದೆಂದು ಹೇಳಿಕೊಳ್ಳುವುದು. ಬರ್ಮಿಂಗ್‌ಹ್ಯಾಮಿನ ಗಾಂಟ್ ಸಂಸ್ಥೆ ೧೮೮೪ರಲ್ಲಿ ಹುಟ್ಟಿತು. ಹಲವು ಹಳೆಯ ಕಾರ್ಖಾನೆಗಳು ಕೂಡಿ 'ಬಟನ್ಸ್ ಲಿಮಿಟೆಡ್' ಆದುದು ೧೯೦೭ರಲ್ಲಿ. ಆದಕಾರಣ ಬೆನ್ನಿನಲ್ಲಿ 'ಬಟನ್ಸ್ ಲಿಮಿಟೆಡ್' ಎಂದಿರುವ ಟ್ರಾಂ ಗುಂಡಿಯನ್ನು ಯಾರಾದರೂ ೧೯೦೦ರದೆಂದು ಮಾರಲು ತಂದರೆ ಬುದ್ಧಿವಂತನು ಹಣವನ್ನು ಎಣಿಸಲಾರನು. ತಾಮ್ರಪಟಗಳಲ್ಲಿ ಕೂಟಶಾಸನವನ್ನು ಲಿಪಿಯಿಂದ ಹಿಡಿಯುವಂತೆಯೇ ಇದೂ.

ಮುಖದ ಮೇಲಿನ ಬರಹವೂ ಊರಿಂದೂರಿಗೆ ಬೇರೆ. ಖಾಸಗಿ ಕಂಪೆನಿಯಾದರೆ ಪೂರ್ತಿ ಹೆಸರು, ಇಲ್ಲವೆ ಹೆಸರಿನ ಮೊದಲಕ್ಷರಗಳನ್ನು ಬಳ್ಳಿಯಂತೆ ಹೆಣೆದ ಚಿತ್ರ. ಪೌರಸಭೆಯ ಟ್ರಾಂ ಆದರೆ ಊರಿನ ಲಾಂಛನವೇ. ಗ್ಲಾಸ್ಗೋ ಪೌರಸಭೆಯು ೧೮೯೪ನೆಯ ಜುಲೈ ೧ರಂದು ಟ್ರಾಂಗಳನ್ನು ತಾನೇ ನಡೆಸಲು ಆರಂಭಿಸಿದ ಮೇಲೆ ಅಲ್ಲಿಯ ಕಂಡಕ್ಟರನ ಎದೆಯ ಮೇಲೆ ಮರ, ಮೀನು ಮೊದಲಾದ ಗುರುತುಗಳುಳ್ಳ ನಗರಮುದ್ರೆ ಬಂದಿತು. ಬ್ರಿಟನ್ನಿನ ಹಲವಾರು ಊರುಗಳ ಟ್ರಾಂ ಕಂಪೆನಿಗಳನ್ನು ಒಂದೇ ಕೈಯಲ್ಲಿ ಹಿಡಿದಿದ್ದ ಬ್ರಿಟಿಷ್ ಎಲೆಕ್ಟ್ರಿಕ್ ಟ್ರಾಕ್ಷನ್ ಎಂಬ ಮಹಾಕಂಪೆನಿಯಾದರೋ ಊರುಗಳ ಭೇದವನ್ನು ಲೆಕ್ಕಿಸದೆ, ಅಯಸ್ಕಾಂತವನ್ನೂ ಚಕ್ರವನ್ನೂ ಕೂಡಿಸಿದ ಒಂದೇ ಗುರುತನ್ನು ಎಲ್ಲೆಡೆಗೂ ಹರಡಿತು. ಒಂದೇ ಬಗೆಯ ಗಾಡಿಯಲ್ಲಿ, ಒಂದೇ ಬಗೆಯ ಕೋಟನ್ನು ತೊಟ್ಟು, ಒಂದೇ ಕೆಲಸವನ್ನು ಮಾಡುವ ಇಬ್ಬರಲ್ಲಿ ಒಬ್ಬನು ಊರಿನ ಸೇವಕ, ಇನ್ನೊಬ್ಬನು ಎಲ್ಲಿಯೋ ಇರುವ ಪಾಲುದಾರರ ಸೇವಕ ಎಂಬ ಭೇದವು ಆ ಅಂಗುಲದಗಲದ ಲೋಹದಲ್ಲಿ ಮಾತ್ರ ಬರೆದಿತ್ತು.

ಸಮವಸ್ತ್ರವು ನೌಕರನ ಸ್ವತ್ತಲ್ಲ, ಕಂಪೆನಿಯ ಸ್ವತ್ತು. ಕೆಲಸವನ್ನು ಬಿಟ್ಟವನು ಅದನ್ನು ಹಿಂದಕ್ಕೆ ಒಪ್ಪಿಸಿ ಹೋಗಬೇಕು. ಗುಂಡಿಯನ್ನು ಅನೇಕವೇಳೆ ದಾರದಿಂದ ಹೊಲಿಯುತ್ತಿರಲಿಲ್ಲ. ಬಟ್ಟೆಯ ತೂತಿನಲ್ಲಿ ಕುಣಿಕೆಯನ್ನು ತೂರಿಸಿ, ಒಳಗಡೆಯಿಂದ ಸಣ್ಣ ತಂತಿಬಳೆಯನ್ನು ಸಿಕ್ಕಿಸಿದ್ದರು. ಕೋಟು ಹರಿದರೆ ಗುಂಡಿಯನ್ನು ಬಿಡಿಸಿ ಹೊಸ ಕೋಟಿಗೆ ಏರಿಸಬಹುದು. ಹೊಳಪು ಕೊಡುವುದಕ್ಕೂ ಸುಲಭ. ಮನುಷ್ಯರೂ ಕೋಟುಗಳೂ ಬದಲಾಗುತ್ತ ಗುಂಡಿ ಮಾತ್ರ ಉಳಿಯುವುದಕ್ಕೆ ಇದು ಅನುಕೂಲವಾಗಿದ್ದಿತು. ಟ್ರಾಂ ಮನೆಗಳಲ್ಲಿ ಬೆಳಗಿನ ಜಾವಕ್ಕೆ ಮೊದಲು ಗಂಡನ ಕೋಟಿನ ಹಿತ್ತಾಳೆಯನ್ನು ಉಜ್ಜುವ ಕೆಲಸ ಹೆಂಡತಿಯದೋ ಮಕ್ಕಳದೋ ಆಗಿದ್ದಿತೆಂದು ಊಹಿಸುವುದು ಕಷ್ಟವಲ್ಲ.

೧೯೧೪ರಲ್ಲಿ ಯುದ್ಧ ಬಂದಿತು. ಗಂಡಸರು ಸೈನ್ಯಕ್ಕೆ ಹೊರಟರು, ಟ್ರಾಂಗಳನ್ನು ನಡೆಸುವವರಿಲ್ಲವಾಯಿತು. ೧೯೧೫ರಲ್ಲಿ ಗ್ಲಾಸ್ಗೋ ಪೌರಸಭೆಯು ಹೆಂಗಸರನ್ನು ಕಂಡಕ್ಟರುಗಳನ್ನಾಗಿ ತೆಗೆದುಕೊಂಡು, ಕಡು ಹಸಿರು ಚೌಕುಳಿಯ ಉದ್ದನೆಯ ಲಂಗವನ್ನು ಅವರಿಗೆ ಉಡಿಸಿತು. ಲಂಗದ ಮೇಲಣ ಕೋಟಿನಲ್ಲಿ ಗಂಡಸರು ತೊಡುತ್ತಿದ್ದ ಅದೇ ಗುಂಡಿಗಳು. ಬೇರೆ ಊರುಗಳೂ ಹಿಂಬಾಲಿಸಿದವು. ಬ್ರಿಸ್ಟಲಿನ ಕಂಪೆನಿಯೂ ಹೆಂಗಸರನ್ನು ತೆಗೆದುಕೊಂಡಿತು. ಕತ್ತಲೆಗವಿದ ಬೀದಿಗಳಲ್ಲಿ, ಜನ ಕಿಕ್ಕಿರಿದ ಗಾಡಿಯ ಮೆಟ್ಟಲುಗಳನ್ನು ಹತ್ತಿ ಇಳಿಯುತ್ತ, ಚಿಲ್ಲರೆಯನ್ನೂ ಕುಡುಕರನ್ನೂ ಅವರು ನಿಭಾಯಿಸಿದರು. 'ಇದು ಹೆಂಗಸರ ಕೈಯಲ್ಲಿ ಆಗುವ ಕೆಲಸವಲ್ಲ' ಎಂದವರಿಗೆ ನಾಲ್ಕು ವರ್ಷಗಳ ಉತ್ತರ ಸಿಕ್ಕಿತು.

ಆದರೆ ಉತ್ತರ ಸಿಕ್ಕಮಾತ್ರಕ್ಕೆ ಹಕ್ಕು ಸಿಕ್ಕಿತೆನ್ನುವಂತಿಲ್ಲ. ಯುದ್ಧ ಮುಗಿದು ಸೈನಿಕರು ಮರಳಿದಾಗ ಅವರಿಗೆ ಕೆಲಸವಿರಲಿಲ್ಲ. ೧೯೨೦ರಲ್ಲಿ ಬ್ರಿಸ್ಟಲಿನ ನಿರುದ್ಯೋಗಿ ಸೈನಿಕರು ಹೆಂಗಸರನ್ನು ಇನ್ನೂ ಟ್ರಾಂಗಳಲ್ಲಿ ಇಟ್ಟುಕೊಂಡಿರುವರೆಂದು ಸಿಟ್ಟಾಗಿ ಗಾಡಿಗಳ ಗಾಜುಗಳನ್ನು ಒಡೆದರು. ಕಂಪೆನಿ ಹೆಂಗಸರನ್ನು ಮನೆಗೆ ಕಳುಹಿಸಿತು. ಕಂದಕಗಳಲ್ಲಿ ನರಳಿಬಂದವನಿಗೆ ಅನ್ನ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಟ್ರಾಂ ಕೆಲಸದಲ್ಲಿದ್ದ ಹೆಂಗಸರಲ್ಲಿ ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡವರಿರಲಿಲ್ಲವೇ? ಅವರ ಮಕ್ಕಳಿಗೆ ಅನ್ನ ಬೇಡವೇ? ಈ ಪ್ರಶ್ನೆಯನ್ನು ಒಡೆದ ಗಾಜುಗಳ ನಡುವೆ ಕೇಳುವವರು ವಿರಳ. ಎರಡು ವರ್ಷಗಳ ಹಿಂದೆ, ೧೯೧೮ರಲ್ಲಿ, ಪಾರ್ಲಿಮೆಂಟು ಮೂವತ್ತು ವರ್ಷ ಮೀರಿದ ಹೆಂಗಸರಲ್ಲಿ ಬಹುಮಂದಿಗೆ ಮತದಾನದ ಹಕ್ಕನ್ನು ಕೊಟ್ಟಿದ್ದಿತು. ದೇಶವನ್ನು ಆಳುವವರನ್ನು ಆರಿಸಲು ತಕ್ಕವಳಾದವಳು ಟ್ರಾಂ ಟಿಕೀಟನ್ನು ಹರಿಯಲು ತಕ್ಕವಳಾಗದೆ ಹೋದಳು!

ಆ ಬಳಿಕ ಇಪ್ಪತ್ತು ವರ್ಷ ಬ್ರಿಸ್ಟಲಿನ ಟ್ರಾಂಗಳು ಮುಪ್ಪಿನತ್ತ ಸಾಗಿದವು. ಉಚ್ಛ್ರಾಯದಲ್ಲಿ ೧೭ ದಾರಿಗಳೂ ೨೩೭ ಗಾಡಿಗಳೂ ಇದ್ದ ವ್ಯವಸ್ಥೆ ಅದು. ೧೮೭೦ರ ಶಾಸನದ ಕತ್ತಿ ಮಾತ್ರ ತಲೆಯ ಮೇಲೆ ತೂಗುತ್ತಲೇ ಇದ್ದಿತು. ೧೯೧೫ರಲ್ಲಿ ಪೌರಸಭೆಗೆ ಕೊಳ್ಳುವ ಅವಕಾಶ ಬಂದಿತು, ಅದು ಕೊಳ್ಳಲಿಲ್ಲ. ಏಳೇಳು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಆ ಅವಕಾಶ ಬರುತ್ತಿದ್ದಿತು. ಕೊಳ್ಳುವೆನೆಂದೂ ಹೇಳದೆ, ಕೊಳ್ಳಲಾರೆನೆಂದೂ ಹೇಳದೆ ಇರುವ ಗಿರಾಕಿಯ ಮುಂದೆ ಅಂಗಡಿಯವನು ಹೊಸ ಸರಕನ್ನು ತರಿಸುವನೇ? ಇತರ ಊರುಗಳಲ್ಲಿ ಟ್ರಾಂಗಳಿಗೆ ಮೇಲ್ಚಾವಣಿ ಬಂದಿತು, ಡ್ರೈವರನಿಗೆ ಗಾಜಿನ ಮರೆ ಬಂದಿತು. ಬ್ರಿಸ್ಟಲಿನಲ್ಲಿ ಮಾತ್ರ ಕೊನೆಯವರೆಗೂ ಮೇಲಂತಸ್ತು ಬಯಲಾಗಿಯೇ ಇದ್ದು, ಜನ ಮಳೆಯಲ್ಲಿ ಕೊಡೆ ಹಿಡಿದು ಕೂರುತ್ತಿದ್ದರು. ಸರ್ ಜಾರ್ಜ್ ೧೯೧೬ರಲ್ಲಿ ತೀರಿಕೊಂಡಿದ್ದನು. ೧೯೨೯ರಲ್ಲಿ ಅವನ ಮನೆತನದವರ ಕೈಯಿಂದ ಕಂಪೆನಿಯ ಹಿಡಿತ ಗ್ರೇಟ್ ವೆಸ್ಟರ್ನ್ ರೈಲ್ವೆಯವರಿಗೆ ಹೋಗಿ, ಅಲ್ಲಿಂದ ಬೇಗನೆ ಬಸ್ಸಿನ ವ್ಯಾಪಾರಿಗಳ ಗುಂಪಿಗೆ ದಾಟಿತು. ಕೊನೆಗೆ ೧೯೩೭ರಲ್ಲಿ ಪೌರಸಭೆಯು ೧೧,೨೫,೦೦೦ ಪೌಂಡುಗಳಿಗೆ ಟ್ರಾಂಗಳನ್ನು ಕೊಂಡಿತು. ಕೊಂಡುದು ಓಡಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ! ೧೯೩೮ರಿಂದ ಒಂದೊಂದೇ ದಾರಿಯಲ್ಲಿ ಟ್ರಾಂ ಹೋಗಿ ಬಸ್ಸು ಬಂದಿತು.

ಉಳಿದ ದಾರಿಗಳನ್ನು ನಿಲ್ಲಿಸುವ ಶ್ರಮವನ್ನು ಶತ್ರುವು ವಹಿಸಿಕೊಂಡನು. ೧೯೪೧ನೆಯ ಏಪ್ರಿಲ್ ೧೧, ಗುಡ್ ಫ್ರೈಡೆಯ ರಾತ್ರಿ, ಜರ್ಮನರ ವಿಮಾನಗಳು ಬ್ರಿಸ್ಟಲಿನ ಮೇಲೆ ಬಾಂಬುಗಳನ್ನು ಸುರಿಸಿದವು. ವಿದ್ಯುದಾಗಾರದ ಬಳಿಯಿದ್ದ ಸೇಂಟ್ ಫಿಲಿಪ್ ಸೇತುವೆಗೆ ಪೆಟ್ಟು ಬಿದ್ದು, ಟ್ರಾಂಗಳಿಗೆ ಶಕ್ತಿಯನ್ನು ಒಯ್ಯುತ್ತಿದ್ದ ತಂತಿ ಕಡಿದುಹೋಯಿತು. ವಿದ್ಯುತ್ ಟ್ರಾಂ ಮೊಟ್ಟಮೊದಲು ಓಡಿದ ಕಿಂಗ್ಸ್‌ವುಡ್ ದಾರಿಯೇ ಕೊನೆಯವರೆಗೆ ಉಳಿದ ದಾರಿಗಳಲ್ಲಿ ಒಂದಾಗಿತ್ತು. ಅದೂ ಆ ರಾತ್ರಿ ನಿಂತಿತು. ಮತ್ತೆ ಬ್ರಿಸ್ಟಲಿನಲ್ಲಿ ಟ್ರಾಂ ಓಡಲಿಲ್ಲ. ಅದೇ ದಾಳಿಯಲ್ಲಿ ಬೀದಿಯೊಂದರಿಂದ ಕಿತ್ತೆದ್ದ ಟ್ರಾಂ ಹಳಿಯ ತುಂಡೊಂದು ಮನೆಗಳ ಮೇಲಿಂದ ಹಾರಿ ಸೇಂಟ್ ಮೇರಿ ರೆಡ್‌ಕ್ಲಿಫ್ ಇಗರ್ಜಿಯ ಅಂಗಳದಲ್ಲಿ ನೆಟ್ಟುಕೊಂಡಿತು. ಅದನ್ನು ಕೀಳದೆ ಸ್ಮಾರಕವಾಗಿ ಹಾಗೆಯೇ ಬಿಟ್ಟಿರುವರು.

ಟ್ರಾಂ ಹೋದರೂ ಹೆಸರು ಹೋಗಲಿಲ್ಲವೆಂಬುದು ವಿನೋದದ ಸಂಗತಿ. ಬಸ್ಸುಗಳನ್ನು ಮಾತ್ರ ನಡೆಸುತ್ತಿದ್ದ ಕಂಪೆನಿಯು ೧೯೫೭ರವರೆಗೆ, ಅಂದರೆ ಮತ್ತೆ ಹದಿನಾರು ವರ್ಷ, 'ಟ್ರಾಂವೇಸ್ ಅಂಡ್ ಕ್ಯಾರೇಜ್' ಎಂದೇ ಕರೆಯಿಸಿಕೊಂಡಿತು. ಈ ನಡುವೆ ೧೯೪೮ರಲ್ಲಿ ಅದು ಸರಕಾರದ ಒಡೆತನಕ್ಕೆ ಸೇರಿತು. ೧೯೫೭ರಲ್ಲಿ 'ಬ್ರಿಸ್ಟಲ್ ಆಮ್ನಿಬಸ್ ಕಂಪೆನಿ'ಯೆಂದು ಹೊಸ ನಾಮಕರಣವಾಯಿತು. ಒಡೆತನ ಬದಲಾಯಿತು, ಹೆಸರು ಬದಲಾಯಿತು. ಆ ಸಮವಸ್ತ್ರವನ್ನು ಯಾರಿಗೆ ಕೊಡತಕ್ಕದ್ದು ಎಂಬ ಕಟ್ಟಳೆ ಮಾತ್ರ ಹಳೆಯದೇ ಉಳಿಯಿತು. ಹಳೆಯದೆಂದರೂ ಈಗ ಅದಕ್ಕೆ ಹೊಸ ರೂಪ. ೧೯೨೦ರಲ್ಲಿ ಅಡ್ಡ ಬಂದುದು ಹೆಣ್ತನ. ಈಗ ಅಡ್ಡ ಬಂದುದು ಚರ್ಮದ ಬಣ್ಣ.

ಎರಡನೆಯ ಮಹಾಯುದ್ಧದ ಅನಂತರ ಜಮೈಕಾ ಮೊದಲಾದ ದ್ವೀಪಗಳಿಂದಲೂ ಭಾರತ ಪಾಕಿಸ್ತಾನಗಳಿಂದಲೂ ಅನೇಕರು ಬ್ರಿಸ್ಟಲಿಗೆ ಬಂದು ನೆಲಸಿದ್ದರು. ಬಸ್ಸುಗಳ ಗ್ಯಾರೇಜಿನಲ್ಲಿ, ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಕೊಡುತ್ತಿದ್ದರು; ಜನರ ಕಣ್ಣಿಗೆ ಬೀಳುವ ಡ್ರೈವರ್ ಕಂಡಕ್ಟರ್ ಕೆಲಸಗಳನ್ನು ಕೊಡುತ್ತಿರಲಿಲ್ಲ. ೧೯೫೫ರಲ್ಲಿ ನೌಕರರ ಸಂಘದ ಸ್ಥಳೀಯ ಶಾಖೆಯೇ, ಬಿಳಿಯರಲ್ಲದವರನ್ನು ಬಸ್ಸಿನ ಸಿಬ್ಬಂದಿಗೆ ತೆಗೆದುಕೊಳ್ಳಬಾರದೆಂದು ನಿರ್ಣಯವನ್ನು ಮಾಡಿದ್ದಿತು. ಕಂಪೆನಿಯವರು ಸಂಘದ ಕಡೆಗೆ ಬೆರಳು ತೋರಿಸಿದರು, ಸಂಘದವರು ಕಂಪೆನಿಯ ಕಡೆಗೆ ತೋರಿಸಿದರು. ೧೯೬೩ರಲ್ಲಿ ಗೈ ಬೈಲಿ ಎಂಬ ಹದಿನೆಂಟು ವರ್ಷದ ಜಮೈಕಾದ ತರುಣನನ್ನು ಕಂಡಕ್ಟರನ ಕೆಲಸಕ್ಕಾಗಿ ಸಂದರ್ಶನಕ್ಕೆ ಕರೆದಿದ್ದರು. ಅವನು ವೆಸ್ಟ್ ಇಂಡೀಸಿನವನೆಂದು ತಿಳಿದ ಕೂಡಲೆ ಸಂದರ್ಶನ ರದ್ದಾಯಿತು. ಈ ಪರೀಕ್ಷೆಯನ್ನು ಏರ್ಪಡಿಸಿದವರು ಪಾಲ್ ಸ್ಟೀಫನ್‌ಸನ್ ಎಂಬ ಯುವಕ ಕಾರ್ಯಕರ್ತರು. ಅಮೆರಿಕದ ಮಾಂಟ್‌ಗಮರಿಯಲ್ಲಿ ೧೯೫೫ರಲ್ಲಿ ನಡೆದ ಬಸ್ ಬಹಿಷ್ಕಾರವು ಅವರ ಕಣ್ಣ ಮುಂದೆ ಇದ್ದಿತು. ಏಪ್ರಿಲ್ ತಿಂಗಳ ಕೊನೆಗೆ ಬ್ರಿಸ್ಟಲಿನ ವರ್ಣೀಯರು ಬಸ್ಸನ್ನು ಹತ್ತುವುದಿಲ್ಲವೆಂದು ಸಾರಿದರು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಹಿಂದೆ ಕ್ರಿಕೆಟ್ ಆಟದಲ್ಲಿ ಕೀರ್ತಿವಂತರಾಗಿ ಆಗ ಟ್ರಿನಿಡಾಡಿನ ಹೈಕಮಿಷನರಾಗಿದ್ದ ಸರ್ ಲಿಯರಿ ಕಾನ್‌ಸ್ಟಂಟೈನರು ಬೆಂಬಲವನ್ನು ಕೊಟ್ಟರು. ನಾಲ್ಕು ತಿಂಗಳ ಜಗ್ಗಾಟದ ಮೇಲೆ ಆಗಸ್ಟ್ ೨೭ರಂದು ಸುಮಾರು ಐನೂರು ಬಸ್ ನೌಕರರು ಸಭೆ ಸೇರಿ ನಿರ್ಬಂಧವನ್ನು ತೆಗೆಯಲು ಒಪ್ಪಿದರು. ಮರುದಿನ ಕಂಪೆನಿ ಅದನ್ನು ಪ್ರಕಟಿಸಿತು. ಆ ಸಂಘದ ಉತ್ತರಾಧಿಕಾರಿ ಸಂಘವು ಹಿಂದಿನವರ ನಡತೆಗಾಗಿ ಕ್ಷಮೆ ಕೇಳಿದುದು ೨೦೧೩ರಲ್ಲಿ, ಐವತ್ತು ವರ್ಷಗಳಾದ ಮೇಲೆ.

೧೯೬೩ನೆಯ ಸೆಪ್ಟೆಂಬರ್ ೧೭ರಂದು ಬ್ರಿಸ್ಟಲ್ ಬಸ್ಸುಗಳ ಸಮವಸ್ತ್ರವನ್ನು ಧರಿಸಿದ ಮೊದಲ ವರ್ಣೀಯ ಕಂಡಕ್ಟರು ಭಾರತ ಮೂಲದ ಸಿಖ್ಖರು. ಹೆಸರು ರಘುಬೀರ್ ಸಿಂಗ್. ಕೆಲವು ದಿನಗಳಲ್ಲಿ ಇಬ್ಬರು ಜಮೈಕಾದವರೂ ಇಬ್ಬರು ಪಾಕಿಸ್ತಾನದವರೂ ಅವರನ್ನು ಸೇರಿಕೊಂಡರು.

ಇನ್ನು ಕೋಟಿನ ಮಾತು ಮುಗಿದರೆ ಟೋಪಿಯ ಮಾತು ಉಳಿಯಿತು. ಮ್ಯಾಂಚೆಸ್ಟರ್ ಪೌರಸಭೆಯ ಬಸ್ಸುಗಳಲ್ಲಿ ಕೆಲಸ ಕೇಳಿದ ಜ್ಞಾನಿ ಸುಂದರ್ ಸಿಂಗ್ ಸಾಗರ್ ಎಂಬವರಿಗೆ ೧೯೫೯ರಲ್ಲಿ ಪೇಟವನ್ನು ಬಿಟ್ಟು ಟೋಪಿ ಹಾಕಿಕೊಳ್ಳಬೇಕೆಂದು ಹೇಳಲಾಯಿತು. ಪೇಟವನ್ನೇ ಸಮವಸ್ತ್ರದ ನೀಲಿ ಬಣ್ಣದಲ್ಲಿ ಸುತ್ತಿ, ಟೋಪಿಯ ಮೇಲಿರುವ ಇಲಾಖೆಯ ಬಿಲ್ಲೆಯನ್ನು ಅದರ ಮೇಲೆ ಸಿಕ್ಕಿಸಿಕೊಳ್ಳುವೆನೆಂದು ಅವರು ಒಪ್ಪಿಕೊಂಡರೂ ಪೌರಸಭೆ ಒಪ್ಪಲಿಲ್ಲ. ಒಪ್ಪಿದುದು ೧೯೬೬ರಲ್ಲಿ. ವುಲ್ವರ್‌ಹ್ಯಾಂಪ್ಟನ್ ಪಟ್ಟಣದಲ್ಲಿ ಇದೇ ವ್ಯಾಜ್ಯ ೧೯೬೭ರಲ್ಲಿ ಎದ್ದು, ೧೯೬೯ರ ಏಪ್ರಿಲಿನಲ್ಲಿ ಪೌರಸಭೆಯು ಪೇಟಕ್ಕೆ ಅನುಮತಿ ಕೊಡುವವರೆಗೆ ನಡೆಯಿತು.